ಅಳಿಸಿಲ್ಲ, ಕಾಮೆಂಟ್ ಮಾಡಿದೆ ಅಷ್ಟೇ

ಕೋಡ್‌ನಲ್ಲಿ ಒಂದು ಸಾಲು ಸದ್ಯಕ್ಕೆ ಬೇಡ ಅನ್ನಿಸಿದ್ರೆ ನಾವು ಅದನ್ನು ಅಳಿಸಲ್ಲ, ಮುಂದೆ ಎರಡು ಸ್ಲ್ಯಾಶ್ ಹಾಕ್ತೀವಿ. ಸಾಲು ಅಲ್ಲೇ ಇರುತ್ತೆ, ರನ್ ಆಗಲ್ಲ. ನಮ್ಮ ಜೀವಕೋಶಗಳಲ್ಲಿ ಈ ಸ್ಲ್ಯಾಶ್ ಹಾಕುವ, ತೆಗೆಯುವ ಕೆಲಸ ಎಪಿಜೆನೆಟಿಕ್ ಕಿಣ್ವಗಳದ್ದು.

ಅವುಗಳಲ್ಲಿ ಒಂದು ಇಝಡ್‌ಎಚ್2. (ಪಿಯುಸಿಗೇ ಬಯಾಲಜಿ ಬಿಟ್ಟವರು ಹೆದರಬೇಡಿ, ನಾವೂ ಅದೇ ಗುಂಪು.) ಡಿಎನ್‌ಎ ಎಳೆಯು ಹಿಸ್ಟೋನ್ ಎಂಬ ಪ್ರೋಟೀನ್‌ಗೆ ನೂಲಿನಂತೆ ಸುತ್ತಿಕೊಂಡಿರುತ್ತೆ. ಇಝಡ್‌ಎಚ್2 ಎಚ್3 ಹಿಸ್ಟೋನ್‌ನ 27ನೇ ಲೈಸಿನ್ ಮೇಲೆ 3 ಮೀಥೈಲ್ ಗುಂಪುಗಳನ್ನು ಕೂರಿಸುತ್ತೆ. ಸುತ್ತು ಬಿಗಿಯಾಗುತ್ತೆ, ಅಲ್ಲಿನ ಜೀನ್ ಮೌನವಾಗುತ್ತೆ. ಭ್ರೂಣ ಬೆಳೆಯುವಾಗ ಇದು ಬೇಕೇ ಬೇಕು. ತೊಂದರೆ ಬರೋದು ಕಿಣ್ವ ಅತಿಯಾದಾಗ. ಆಗ ಇ-ಕ್ಯಾಡ್‌ಹೆರಿನ್ ಜೀನ್ ಕೂಡ ಮುಚ್ಚಿಹೋಗಬಹುದು. ಪಕ್ಕಪಕ್ಕದ ಕೋಶಗಳನ್ನು ಹಿಡಿದಿಡುವ ಅಂಟು ಅದು. ಅಂಟು ಬಿಟ್ಟ ಕೋಶ ರಕ್ತಕ್ಕಿಳಿದು ಮೂಳೆಗೋ ಶ್ವಾಸಕೋಶಕ್ಕೋ ಹರಡೋದು ಸುಲಭ. ಆಕ್ರಮಣಕಾರಿ ಸ್ತನ ಕ್ಯಾನ್ಸರ್‌ಗಳಲ್ಲಿ ಈ ಕಿಣ್ವ ಹೆಚ್ಚಿರುತ್ತೆ ಅಂತ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲೇ ತೋರಿಸಿದ್ದರು.

ಮ್ಯುಟೇಶನ್ ಆದ ಅಕ್ಷರವನ್ನು ತಿದ್ದೋದು ಕಷ್ಟ. ಸ್ಲ್ಯಾಶ್ ತೆಗೆಯಬಹುದಲ್ವಾ? ಆಸೆ ಹುಟ್ಟಿಸೋದು ಇದೇ. ಇಝಡ್‌ಎಚ್2 ತಡೆಯುವ ಟಾಜೆಮೆಟೊಸ್ಟಾಟ್ ಔಷಧಿಗೆ ಅಮೆರಿಕ 2020ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಒಂದು ಬಗೆಯ ಸಾರ್ಕೋಮಾ ಮತ್ತು ಲಿಂಫೋಮಾಗೆ, ಸ್ತನ ಕ್ಯಾನ್ಸರ್‌ಗಲ್ಲ. ಸ್ತನ ಕ್ಯಾನ್ಸರ್‌ನಲ್ಲಿ ಲೆಕ್ಕ ಅಷ್ಟು ಸರಳವಿಲ್ಲ. ಔಷಧಿಗೆ ಯಾವ ಸಾಲಿನ ಸ್ಲ್ಯಾಶ್ ತೆಗೀಬೇಕು ಅನ್ನೋದು ಗೊತ್ತಾಗಲ್ಲ, ಮುಚ್ಚಿಯೇ ಇರಬೇಕಾದ ಜೀನ್‌ಗಳೂ ತೆರೆದುಕೊಳ್ಳಬಹುದು. ಜೊತೆಗೆ ಕೆಲವು ಗಡ್ಡೆಗಳಲ್ಲಿ ಇಝಡ್‌ಎಚ್2 ಮೀಥೈಲ್ ಹಚ್ಚದೆಯೇ ಬೇರೆ ಜೀನ್‌ಗಳನ್ನು ಚುರುಕು ಮಾಡುತ್ತೆ. ಅಲ್ಲಿ ಮೀಥೈಲ್ ಹಚ್ಚುವ ಕೈಯನ್ನಷ್ಟೇ ಕಟ್ಟಿಹಾಕಿದರೆ ಸಾಲದು.