ಕುಂಕುಮದ ಕಲೆ, ಪಿನ್ನಿನ ತೂತು

ಹಳೆಯ ನೋಟುಗಳ ದುರಸ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿದಾಗ ನಮ್ಮ ಮನೆಗೂ ನೀರು ನುಗ್ಗಿತ್ತು. ಅಜ್ಜಿಯ ದೇವರಪೆಟ್ಟಿಗೆಯಲ್ಲಿದ್ದ ಏಳು ಹಳೆಯ ಒಂದು ರೂಪಾಯಿ ನೋಟುಗಳು ನೆನೆದು ಒಣಗಿ, ಒಂದಕ್ಕೊಂದು ಕಚ್ಚಿಕೊಂಡಿವೆ. ಮೇಲಿನ ನೋಟಿನಲ್ಲಿ ಅಜ್ಜಿ ಲಕ್ಷ್ಮೀಪೂಜೆಗೆ ಹಚ್ಚಿದ ಅರಿಶಿನ ಕುಂಕುಮದ ಕಲೆ ಇದೆ. ಸೋಪಿನ ನೀರಲ್ಲಿ ತೊಳೆದು ಇಸ್ತ್ರಿ ಹಾಕೋಣ ಎನ್ನುತ್ತಾನೆ ಮಗ. ಲ್ಯಾಮಿನೇಷನ್ ಮಾಡಿಸಿ ಎನ್ನುತ್ತಾರೆ ಪಕ್ಕದ ಮನೆಯವರು. ನನಗೆ ಮುಟ್ಟಲೇ ಭಯ.
– ಗೃಹಿಣಿ, ನಂಜನಗೂಡು

ಉತ್ತರ: ಹಿರಿಯರು ಬಿಟ್ಟುಹೋದದ್ದು ನಮ್ಮ ಕೈಯಲ್ಲಿ ಹಾಳಾದೀತು ಎಂಬುದು ನಿಮ್ಮ ಅಳುಕು. ಆ ಭಯ ಒಳ್ಳೆಯದೇ, ಇಷ್ಟು ದಿನ ನೋಟುಗಳನ್ನು ಉಳಿಸಿದ್ದು ಅದೇ. ಇನ್ನೊಂದು ಸಮಾಧಾನದ ಮಾತೂ ಇದೆ. ನಮ್ಮ ನೋಟಿನ ಕಾಗದ ಹತ್ತಿಯ ನಾರಿನದು. ವೃತ್ತಪತ್ರಿಕೆಯ ಕಾಗದ ನೀರಿಗೆ ಬಿದ್ದರೆ ಕರಗಿಹೋಗುತ್ತದೆ, ನೋಟು ಅಷ್ಟು ಸುಲಭಕ್ಕೆ ಸೋಲುವುದಿಲ್ಲ.

ಕಂತೆಯನ್ನು ಎಳೆದು ಬಿಡಿಸಬೇಡಿ. ಮುಚ್ಚಳವಿರುವ ಅಗಲ ಡಬ್ಬಿಯ ತಳಕ್ಕೆ ಒದ್ದೆ ಮಾಡಿ ಹಿಂಡಿದ ಬಿಳಿ ಹತ್ತಿಬಟ್ಟೆ ಹಾಸಿ. ಅದರ ಮೇಲೆ ಪ್ಲಾಸ್ಟಿಕ್ ಜರಡಿ ಬೋರಲು ಹಾಕಿ, ಜರಡಿಯ ಮೇಲೆ ಕಂತೆ ಇಡಿ. ಬಟ್ಟೆ ನೋಟಿಗೆ ತಾಗಬಾರದು. ಮುಚ್ಚಳದಿಂದ ಹನಿ ಬೀಳದಂತೆ ಅದರ ಒಳಗೆ ಒಣ ಒತ್ತುಕಾಗದ (ಶಾಯಿ ಹೀರುವ ಕಾಗದ) ಅಂಟಿಸಿ. ಮೂರು ನಾಲ್ಕು ಗಂಟೆಯಲ್ಲಿ ನಾರು ಮೆತ್ತಗಾಗುತ್ತದೆ. ಆಗ ಚೂಪಿಲ್ಲದ ತೆಳು ಬಿದಿರುಕಡ್ಡಿಯನ್ನು ಒಂದು ಮೂಲೆಯಿಂದ ಮೆಲ್ಲಗೆ ತೂರಿಸಿ. ಬಿಟ್ಟರೆ ಬಿಡಿಸಿ, ಬಿಡದಿದ್ದರೆ ಅಲ್ಲಿಗೇ ನಿಲ್ಲಿಸಿ. ರಾತ್ರಿಯಿಡೀ ಹಾಗೆ ಬಿಟ್ಟರೆ ಬೂಷ್ಟು ಬರುತ್ತದೆ. ಬಿಡಿಸಿದ ನೋಟುಗಳನ್ನು ಒತ್ತುಕಾಗದದ ನಡುವೆ ಇಟ್ಟು, ಮೇಲೊಂದು ದಪ್ಪ ಪುಸ್ತಕ ಹೇರಿದರೆ ಸಾಕು.

ಇಸ್ತ್ರಿಯ ಕಾವಿಗೆ ನಾರು ಚಪ್ಪಟೆಯಾಗಿ ಕಾಗದಕ್ಕೆ ಇಲ್ಲದ ಹೊಳಪು ಬರುತ್ತದೆ. ಲ್ಯಾಮಿನೇಷನ್ನಿನ ಅಂಟು ಕಾಗದದೊಳಗೇ ಕರಗಿ ಇಳಿಯುತ್ತದೆ, ಮತ್ತೆ ತೆಗೆಯಲಾಗದು. ಎರಡೂ ಬೇಡ.

ಇನ್ನು ಕಲೆ. ಅರಿಶಿನದ ಬಟ್ಟೆಗೆ ಸೋಪು ತಗುಲಿದಾಗ ಕೆಂಪಗಾಗುವುದನ್ನು ನೀವೇ ನೋಡಿರುತ್ತೀರಿ. ನೋಟಿನ ಮೇಲೂ ಅದೇ ಆಗಿ ಕಲೆ ಇನ್ನಷ್ಟು ಹರಡುತ್ತದೆ. ಆದರೆ ನಾನು ಬೇಡ ಎನ್ನುವುದು ಅದೊಂದಕ್ಕೇ ಅಲ್ಲ. ಆ ಕುಂಕುಮ ನಿಮ್ಮ ಅಜ್ಜಿಯ ಬೆರಳಿನದು. ಕಪಿಲೆಯ ಮಣ್ಣು ಒಣಗಿ ಕೂತಿದ್ದರೆ ಮೆತ್ತನೆಯ ಬ್ರಷ್ಷಿನಿಂದ ಉದುರಿಸಿ, ಅದು ಹೊರಗಿನಿಂದ ಬಂದದ್ದು. ಕುಂಕುಮವನ್ನು ಹಾಗೆಯೇ ಬಿಡಿ.

ಪ್ರಶ್ನೆ: ಜಾರ್ಜ್ ದೊರೆಯ ಚಿತ್ರವಿರುವ ಐದು ರೂಪಾಯಿ ನೋಟೊಂದನ್ನು ‘ತೂತಿಲ್ಲದ್ದು’ ಎಂಬ ಮಾತು ನಂಬಿ, ಹೆಚ್ಚು ದುಡ್ಡು ಕೊಟ್ಟು ಕೊಂಡಿದ್ದೆ. ಮೊನ್ನೆ ಬಿಸಿಲಿಗೆ ಹಿಡಿದರೆ ಎಡಬದಿಯಲ್ಲಿ ಎರಡು ಮಬ್ಬು ಚುಕ್ಕೆ! ತೂತು ಮುಚ್ಚಿದ್ದಾರಂತೆ. ಈಗ ಮಾರಬೇಕಾಗಿದೆ. ಹೇಳಿದರೆ ನಷ್ಟ, ಹೇಳದಿದ್ದರೆ ಮನಸ್ಸು ಒಪ್ಪದು.
– ನಿವೃತ್ತ ಶಿಕ್ಷಕರು, ತಿ. ನರಸೀಪುರ

ಉತ್ತರ: ಬೇರೆಯವರು ಮುಚ್ಚಿಟ್ಟದ್ದನ್ನು ನೀವು ಮುಂದಕ್ಕೆ ದಾಟಿಸಬೇಕೇ ಎಂಬುದು ನಿಮ್ಮ ತೊಳಲಾಟ. ತಪ್ಪು ನಿಮ್ಮದಲ್ಲ, ಮೊದಲು ಅದನ್ನು ಮನಸ್ಸಿಗೆ ತಂದುಕೊಳ್ಳಿ.

ರಿಸರ್ವ್ ಬ್ಯಾಂಕ್ ತನ್ನ ಮೊದಲ ನೋಟನ್ನು, ಆರನೇ ಜಾರ್ಜ್‌ನ ಐದು ರೂಪಾಯಿಯನ್ನು, 1938ರ ಜನವರಿಯಲ್ಲಿ ಹೊರತಂದಿತು. ಆಗಿನ ಬ್ಯಾಂಕುಗಳಲ್ಲಿ ನೋಟಿನ ಕಟ್ಟಿಗೆ ಪಿನ್ ಹೊಡೆಯುವುದೇ ರೂಢಿ. ಪಿನ್ ಹೊಡೆಯಬೇಡಿ ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕಟ್ಟುನಿಟ್ಟಾಗಿ ಹೇಳಿದ್ದು 2001ರಲ್ಲಿ. ಹೀಗಾಗಿ ಆ ಕಾಲದ ನೋಟಿಗೆ ಪಿನ್ನಿನ ತೂತು ಹುಟ್ಟುಮಚ್ಚೆಯಿದ್ದ ಹಾಗೆ. ಅನುಭವಿ ಸಂಗ್ರಾಹಕರು ಅದನ್ನು ಕುಂದೆಂದು ಎಣಿಸುವುದಿಲ್ಲ. ಕಾಗದದ ತಿರುಳು ತುಂಬಿ, ಮೇಲೆ ಬಣ್ಣ ತೀಡಿ, ತೂತೇ ಇರಲಿಲ್ಲವೆಂದು ಮಾರುವುದು ಕುಂದು.

ದುರಸ್ತಿಯೆಲ್ಲ ಮೋಸವಲ್ಲ. ಹರಿದ ನೋಟಿನ ಹಿಂಬದಿಗೆ ಜಪಾನಿ ಟಿಶ್ಯೂ (ಉದ್ದ ನಾರಿನ, ಬಹಳ ತೆಳುವಾದ ಕಾಗದ) ಇಟ್ಟು ಗೋಧಿಗಂಜಿಯಲ್ಲಿ ಅಂಟಿಸುತ್ತಾರೆ. ಹರಿದದ್ದು ಮುಂದಕ್ಕೆ ಹರಿಯದು. ಬೇಡವಾದರೆ ಸ್ವಲ್ಪ ತೇವಕ್ಕೆ ಪಟ್ಟಿ ಬಿಟ್ಟುಕೊಳ್ಳುತ್ತದೆ, ಹುಡುಕುವವರ ಕಣ್ಣಿಗೂ ಕಾಣುತ್ತದೆ. 19ನೇ ಶತಮಾನದಲ್ಲಿ ಅಂಚೆಯಲ್ಲಿ ಹಣ ಕಳಿಸುವವರು ನೋಟನ್ನು ಎರಡಾಗಿ ಕತ್ತರಿಸಿ, ಒಂದರ್ಧ ತಲುಪಿದ ಸುದ್ದಿ ಬಂದ ಮೇಲೆ ಇನ್ನೊಂದರ್ಧ ಕಳಿಸುತ್ತಿದ್ದರು. ಪಡೆದವರು ಅಂಟಿಸಿಕೊಳ್ಳುತ್ತಿದ್ದರು. ಅಂಥ ನೋಟಿನ ನಡುವಿನ ಬೆಸುಗೆಯನ್ನು ಇಂದು ಅಳಿಸಿದರೆ ಒಂದು ಕಾಲದ ನಡವಳಿಕೆಯನ್ನೇ ಅಳಿಸಿದಂತೆ.

ನಿಮ್ಮ ನೋಟಿನ ತೂತಿಗೆ ತುಂಬಿದ್ದನ್ನು ಕೆರೆದು ತೆಗೆಯಲು ಹೋಗಬೇಡಿ, ಸುತ್ತಲಿನ ಕಾಗದವೂ ಎದ್ದು ಬರುತ್ತದೆ. ‘ಎಡಬದಿಯ ಎರಡು ಪಿನ್‌ ತೂತು ಮುಚ್ಚಲಾಗಿದೆ’ ಎಂದು ಚೀಟಿ ಬರೆದು, ದಿನಾಂಕ ಹಾಕಿ ನೋಟಿನ ಕವರಿನಲ್ಲಿಡಿ. ಕೊಳ್ಳುವವರಿಗೆ ಬೆಳಕಿಗೆ ಹಿಡಿದು ತೋರಿಸಿ. ಬೆಲೆ ಇಳಿಯುತ್ತದೆ ನಿಜ. ಮಾರಿದವರ ರಶೀದಿ ನಿಮ್ಮಲ್ಲಿದ್ದರೆ ಅವರನ್ನು ಕೇಳುವ ಹಕ್ಕು ನಿಮಗಿದೆ, ಸಂಕೋಚ ಬೇಡ.

ಪ್ರಶ್ನೆ: 2016ರಲ್ಲಿ ರದ್ದಾದ ಎರಡು ಸಾವಿರ ರೂಪಾಯಿ ನೋಟುಗಳಿಗೆ, ಅಂದರೆ ಸಾವಿರದ ಎರಡು ನೋಟಿಗೆ, ಗೆದ್ದಲು ಹಿಡಿದಿದೆ. ಒಂದರ ಎಡ, ಇನ್ನೊಂದರ ಬಲ ಚೆನ್ನಾಗಿವೆ. ಸೇರಿಸಿ ಒಂದು ಮಾಡಬಹುದೇ? ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರೆಯೇ?
– ಪಿಯು ವಿದ್ಯಾರ್ಥಿ, ನಂಜನಗೂಡು ತಾಲ್ಲೂಕು

ಉತ್ತರ: ಎರಡು ನೋಟಿಗಾಗಿ ಯಾರೂ ನಿಮ್ಮನ್ನು ಹಿಡಿಯುವುದಿಲ್ಲ. ಕಾನೂನಿನ ಬಗ್ಗೆ ಯೋಚಿಸಿ ಕೇಳಿದ್ದು ಮಾತ್ರ ಸರಿಯಾಯಿತು. ರದ್ದಾದ 500, 1000ದ ನೋಟುಗಳು ಯಾರ ಬಳಿಯೂ 10ಕ್ಕಿಂತ ಹೆಚ್ಚು ಇರಬಾರದು ಎನ್ನುತ್ತದೆ 2017ರ ಕಾಯ್ದೆ. ಅಧ್ಯಯನ, ಸಂಶೋಧನೆ, ನೋಟುಸಂಗ್ರಹಕ್ಕೆ 25ರವರೆಗೆ ಅವಕಾಶವಿದೆ.

ಸೇರಿಸುವುದು ಬೇಡ. ಸಾವಿರದ ಪ್ರತಿ ನೋಟಿನಲ್ಲೂ ಒಂದೇ ಸಂಖ್ಯೆ ಎರಡು ಕಡೆ ಇರುತ್ತದೆ. ನೀವು ಜೋಡಿಸಿದ್ದರಲ್ಲಿ ಎರಡು ಬೇರೆ ಸಂಖ್ಯೆ ಬರುತ್ತವೆ, ಅಂಥ ನೋಟು ಯಾವ ಮುದ್ರಣಾಲಯದಿಂದಲೂ ಬಂದದ್ದಲ್ಲ. ಇಂದು ಆಟಕ್ಕೆ ಮಾಡಿದ್ದು ನಾಳೆ ಇನ್ನೊಬ್ಬರ ಕೈಗೆ ಹೋದರೆ ‘ಅಪರೂಪದ ತಪ್ಪುಮುದ್ರಣ’ವೆಂದು ಮಾರಾಟವಾದೀತು. ಗೆದ್ದಲ ಮಣ್ಣು ಕೊಡವಿ, ಎರಡನ್ನೂ ಬೇರೆ ಬೇರೆ ಪಾಲಿಯೆಸ್ಟರ್ ಕವರಿನಲ್ಲಿ ಹಾಕಿ, ಗೋಡೆಗೆ ತಾಗದ ಕಪಾಟಿನಲ್ಲಿಡಿ. ಸೆಲೋಟೇಪ್ ಹತ್ತಿರ ತರಬೇಡಿ, ಅದರ ಅಂಟು ವರ್ಷ ಕಳೆದಂತೆ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ.