ಗೃಹಾಂತರ: ಪೂರ್ವಸಿದ್ಧತೆಯ ಕೆಲವು ವಿಚಾರಗಳು

ಗೃಹಸ್ಥನಾದವನಿಗೆ ಮನೆಯನ್ನು ಬದಲಿಸುವ ಪ್ರಸಂಗವು ಜೀವನದಲ್ಲಿ ಒಮ್ಮೆಯಾದರೂ ಒದಗದೆ ಇರುವುದಿಲ್ಲ. ಉದ್ಯೋಗದ ವರ್ಗಾವಣೆ, ಮಕ್ಕಳ ವಿದ್ಯಾಭ್ಯಾಸ, ಬಾಡಿಗೆಯ ಅವಧಿ ಮುಗಿಯುವುದು, ಊರಿನ ಹಳೆಯ ಮನೆಯಲ್ಲಿ ವೃದ್ಧರಾದ ತಂದೆತಾಯಿಗಳನ್ನು ನೋಡಿಕೊಳ್ಳುವವರು ಇಲ್ಲದಿರುವುದು, ಹೀಗೆ ಕಾರಣಗಳು ನಾನಾ ವಿಧ. ಮದುವೆ ಮುಂಜಿಗಳಿಗೆ ಆರು ತಿಂಗಳು ಮೊದಲೇ ಪಟ್ಟಿ ಬರೆಯುವ ನಾವು, ಮನೆಯನ್ನು ಸಾಗಿಸುವ ಕಾರ್ಯವನ್ನು ಮಾತ್ರ ಕೊನೆಯ ಎರಡು ದಿನಗಳಿಗೆ ಬಿಟ್ಟುಬಿಡುತ್ತೇವೆ. ಇದರಿಂದಾಗುವ ಕ್ಲೇಶವನ್ನು ಅನುಭವಿಸಿದವರೇ ಬಲ್ಲರು. ಆದುದರಿಂದ ಈ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸೋಣ.

ಉಡುಪಿಯ ಪರ್ಯಾಯದಿಂದ ಕಲಿಯತಕ್ಕ ಪಾಠ

ಒಂದು ದೊಡ್ಡ ಸಂಸಾರದ ಭಾರವನ್ನು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಸಾಗಿಸುವುದು ಹೇಗೆಂಬುದಕ್ಕೆ ಉಡುಪಿಯ ಪರ್ಯಾಯಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ಶ್ರೀವಾದಿರಾಜ ತೀರ್ಥರು ಎರಡು ತಿಂಗಳಿನ ಸರದಿಯನ್ನು ಎರಡು ವರ್ಷಗಳಿಗೆ ವಿಸ್ತರಿಸಿದರೆಂಬುದು ಎಲ್ಲರೂ ಬಲ್ಲ ವಿಷಯ. ಪೀಠದ ಹಸ್ತಾಂತರವು ನಡೆಯುವುದು ಜನವರಿ ೧೮ರ ಒಂದು ಬೆಳಗಿನಲ್ಲಿಯಾದರೂ, ಅದರ ಸಿದ್ಧತೆಯು ಸುಮಾರು ಒಂದು ವರ್ಷ ಮುಂಚಿತವಾಗಿಯೇ ಆರಂಭವಾಗುತ್ತದೆ. ಮೊದಲು ಬಾಳೆ ಮುಹೂರ್ತ, ಅನಂತರ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕಡೆಗೆ ಭತ್ತ ಮುಹೂರ್ತ. ಬಾಳೆಯು ಬೆಳೆದು ಎಲೆ ಕೊಡಲು ತಿಂಗಳುಗಳು ಬೇಕು. ಕಟ್ಟಿಗೆಯು ಒಣಗಲು ಕಾಲ ಬೇಕು. ಯಾವುದಕ್ಕೆ ಹೆಚ್ಚು ಕಾಲ ಹಿಡಿಯುವುದೋ ಅದನ್ನು ಮೊದಲು ಕೈಗೊಳ್ಳಬೇಕೆಂಬ ನೀತಿಯು ಇದರಲ್ಲಿ ಅಡಗಿದೆ. ಹಸ್ತಾಂತರದ ಸಮಯದಲ್ಲಿ ಕೊಡುವ ವಸ್ತುಗಳನ್ನೂ ಗಮನಿಸಬೇಕು: ಅಕ್ಷಯಪಾತ್ರೆ, ಸಟ್ಟುಗ, ಕೀಲಿಕೈ. ಅಂದರೆ ಅನ್ನದ ವ್ಯವಸ್ಥೆ ಮತ್ತು ದೇವರ ಬಾಗಿಲಿನ ಹೊಣೆ. ಈ ಎರಡು ಭದ್ರವಾದರೆ ಮಿಕ್ಕದ್ದೆಲ್ಲ ಹಿಂದಿನಿಂದ ಬರಬಹುದು.

ನಮ್ಮಿಂದಾದ ಒಂದು ತಪ್ಪು

ಈ ಮಾತನ್ನು ನಾವು ಕಲಿತದ್ದು ಸುಲಭವಾಗಿ ಅಲ್ಲ. ಹಲವು ವರ್ಷಗಳ ಹಿಂದೆ ಕರಾವಳಿಯ ನಮ್ಮ ಊರಿನಿಂದ ಬೆಂಗಳೂರಿಗೆ ಮನೆಯನ್ನು ಸಾಗಿಸಿದೆವು. ಮಳೆಗಾಲ, ಗಡಿಬಿಡಿ. ದೇವರ ಪೆಟ್ಟಿಗೆಯನ್ನು ಜೋಪಾನವಾಗಿ ಕಂಬಳಿಯಲ್ಲಿ ಸುತ್ತಿ ಲಾರಿಯಲ್ಲಿಯೇ ಇಟ್ಟೆವು. ನಾವು ಬಸ್ಸಿನಲ್ಲಿ ಬೆಳಗಾಗುವಷ್ಟರಲ್ಲಿ ಬಂದು ತಲಪಿದೆವು. ಲಾರಿಯು ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ನಿಂತುಬಿಟ್ಟಿತು. ಶಾಲಗ್ರಾಮ ಪೂಜೆಯಾಗದೆ ಬಾಯಿಗೆ ಏನನ್ನೂ ಹಾಕದ ನಿಯಮವನ್ನು ನಮ್ಮ ತಂದೆಯವರು ಅರವತ್ತು ವರ್ಷ ನಡೆಸಿಕೊಂಡು ಬಂದವರು. ಆಗ ಅವರಿಗೆ ಎಂಬತ್ತು ದಾಟಿತ್ತು, ಸಿಹಿಮೂತ್ರ ರೋಗವಿತ್ತು. ಅವರ ಮಾತ್ರೆಗಳ ಡಬ್ಬಿಯೂ ಅದೇ ಲಾರಿಯಲ್ಲಿತ್ತು!

ಮಧ್ಯಾಹ್ನವಾಯಿತು, ಸಂಜೆಯಾಯಿತು. ಅವರು ಯಾರನ್ನೂ ಗದರಿಸಲಿಲ್ಲ. ಬರಿಯ ಗೋಡೆಗೆ ಒರಗಿ ಕುಳಿತು, “ದೇವರ ಪೆಟ್ಟಿಗೆಯನ್ನೂ ಸಾಮಾನಿನ ಲೆಕ್ಕದಲ್ಲಿ ಬರೆದಿರೇನಪ್ಪಾ?” ಎಂದು ಒಂದೇ ಮಾತು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಅವರ ಕೈ ನಡುಗಲಾರಂಭಿಸಿತು. ಪಕ್ಕದ ಬೀದಿಯ ಸಜ್ಜನರೊಬ್ಬರು ವಿಷಯವನ್ನು ತಿಳಿದು, ತಾವೇ ಬಂದು, “ರಾಯರೇ, ನಮ್ಮ ಮನೆಯಲ್ಲಿಯೂ ಅದೇ ಸ್ವಾಮಿಯೇ ಇದ್ದಾನೆ” ಎಂದು ಹೇಳಿ ತಂದೆಯವರನ್ನು ಕರೆದೊಯ್ದು, ತೀರ್ಥವನ್ನು ಕೊಟ್ಟು ಊಟಕ್ಕೆ ಬಡಿಸಿದರು. ಔಷಧದ ಅಂಗಡಿಯಿಂದ ಮಾತ್ರೆಯನ್ನೂ ತರಿಸಿದರು. ಲಾರಿಯು ಬಂದದ್ದು ಮರುದಿನ ಮಧ್ಯಾಹ್ನ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮವಾಯಿತು: ದೇವರ ಪೆಟ್ಟಿಗೆ, ಹಿರಿಯರ ಔಷಧ, ಕಾಗದಪತ್ರ ಇವು ಮೂರು ಎಂದಿಗೂ ವಾಹನಕ್ಕೆ ಹೇರುವ ವಸ್ತುಗಳಲ್ಲ, ಮನೆಯವರ ಕೈಯಲ್ಲಿಯೇ ಹೋಗತಕ್ಕವು.

ಕಾಲನಿರ್ಣಯ

ಆಷಾಢದಲ್ಲಿಯೂ ಪುಷ್ಯದಲ್ಲಿಯೂ ಗೃಹಪ್ರವೇಶವನ್ನು ಮಾಡುವ ರೂಢಿಯಿಲ್ಲ. ಆದರೆ ಬಾಡಿಗೆಯ ಕರಾರು, ವರ್ಗಾವಣೆಯ ಆಜ್ಞೆಗಳು ಪಂಚಾಂಗವನ್ನು ನೋಡಿ ಬರುವುದಿಲ್ಲ. ಇಂತಹ ಸಂದರ್ಭದಲ್ಲಿ ಪುರೋಹಿತರನ್ನು ವಿಚಾರಿಸಿ, ಮೊದಲೇ ಒಂದು ಒಳ್ಳೆಯ ದಿನ ಹೊಸ ಮನೆಯಲ್ಲಿ ದೀಪ ಹಚ್ಚಿ ಹಾಲು ಉಕ್ಕಿಸಿ ಬಂದು, ಸಾಮಾನುಗಳನ್ನು ಅನುಕೂಲವಾದಾಗ ಸಾಗಿಸುವುದು ಅನೇಕರು ಅನುಸರಿಸುವ ಮಾರ್ಗ.

ಏಕಾದಶಿಯಂದು ಅಡಿಗೆಯಿಲ್ಲವಾದುದರಿಂದ ಅಂದೇ ಪಾತ್ರೆಗಳನ್ನು ಕಟ್ಟಿ ಹೊರಡುವುದು ಅನುಕೂಲವೆಂದು ಕೆಲವರು ಎಣಿಸುತ್ತಾರೆ. ಇದು ಸರಿಯಲ್ಲ. ನಿರಾಹಾರದಲ್ಲಿದ್ದು ಭಾರ ಹೊರುವುದು ದೇಹಕ್ಕೆ ಕಷ್ಟ. ಮರುದಿನ ದ್ವಾದಶಿಯ ಪಾರಣೆಗೆ ಬೆಳಗಿನ ಜಾವದಲ್ಲಿಯೇ ಪೂಜೆ, ಅಡಿಗೆಗಳು ಮುಗಿಯಬೇಕು. ಸಾಧನ ದ್ವಾದಶಿಯಾದರೆ ಅವಕಾಶವು ಇನ್ನೂ ಅಲ್ಪ. ಒಲೆಯೇ ಹೂಡದ ಮನೆಯಲ್ಲಿ ಇದು ಹೇಗೆ ಸಾಧ್ಯ? ಆದುದರಿಂದ ದಶಮಿಯಿಂದ ದ್ವಾದಶಿಯವರೆಗೆ ಮೂರು ದಿನಗಳನ್ನೂ, ಮನೆಯ ಶ್ರಾದ್ಧತಿಥಿಗಳನ್ನೂ ಬಿಟ್ಟು ದಿನವನ್ನು ನಿಶ್ಚಯಿಸುವುದು ಯುಕ್ತ. ಓದುವ ಮಕ್ಕಳಿದ್ದರೆ ವಾರ್ಷಿಕ ಪರೀಕ್ಷೆ ಮುಗಿದ ಬೇಸಿಗೆ ರಜೆಯೇ ಉತ್ತಮ.

ಒಂದೂವರೆ ತಿಂಗಳು ಮೊದಲು

ಮನೆಯಲ್ಲಿರುವ ವಸ್ತುಗಳನ್ನು ಕೊಂಡೊಯ್ಯತಕ್ಕವು, ದಾನ ಮಾಡತಕ್ಕವು, ಬಿಡತಕ್ಕವು ಎಂದು ಮೂರು ಭಾಗ ಮಾಡಬೇಕು. ಹೊಸ ಮನೆಯ ಕೋಣೆ ಬಾಗಿಲುಗಳ ಅಳತೆಯನ್ನು ಮೊದಲೇ ತಂದರೆ, ಹಳೆಯ ಮಂಚವು ಒಳಗೆ ಹೋಗದೆ ಬೀದಿಯಲ್ಲಿ ನಿಲ್ಲುವ ಪ್ರಸಂಗ ಬಾರದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಅಟ್ಟದ ಮೇಲಿನ ತಾಳೆಗರಿಯ ಕಟ್ಟುಗಳನ್ನೂ ಹಿರಿಯರ ಕೈಬರಹದ ಪುಸ್ತಕಗಳನ್ನೂ ಕಸವೆಂದು ಎಸೆಯಬಾರದು. ಕೌಟಿಲ್ಯನ ಅರ್ಥಶಾಸ್ತ್ರವು ಲೋಕಕ್ಕೆ ಮತ್ತೆ ದೊರೆತದ್ದು ತಂಜಾವೂರು ಪ್ರಾಂತದ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ಒಂದು ತಾಳೆಗರಿಯ ಕಟ್ಟಿನಿಂದ. ಆರ್. ಶಾಮಾಶಾಸ್ತ್ರಿಗಳು ಅದನ್ನು ೧೯೦೯ರಲ್ಲಿ ಮುದ್ರಿಸಿ ಪ್ರಕಟಿಸಿದರು. ಓದಲು ಬಾರದಿದ್ದರೆ ಬಲ್ಲವರಿಗೆ ತೋರಿಸಬೇಕು, ಇಡಲು ಸ್ಥಳವಿಲ್ಲದಿದ್ದರೆ ಇಂತಹ ಸಂಸ್ಥೆಗೆ ಒಪ್ಪಿಸಬೇಕು.

ಕಾಗದಪತ್ರಗಳ ಕೆಲಸವೂ ಆಗಲೇ ಆರಂಭವಾಗಬೇಕು. ಶಾಲೆಯಿಂದ ವರ್ಗಾವಣೆ ಪತ್ರ. ಪಡಿತರ ಚೀಟಿ, ಆಧಾರ್, ಬ್ಯಾಂಕುಗಳಲ್ಲಿ ವಿಳಾಸದ ಬದಲಾವಣೆ. ಮತದಾರರ ಪಟ್ಟಿಗೆ ನಮೂನೆ ೮. ಅಡಿಗೆ ಅನಿಲದ ವಿತರಕರಿಗೆ ತಿಳಿಸಿ, ದೂರದ ಊರಿಗೆ ಹೋಗುವುದಾದರೆ ಸಿಲಿಂಡರ್, ರೆಗ್ಯುಲೇಟರ್‌ಗಳನ್ನು ಒಪ್ಪಿಸಿ, ಠೇವಣಿಯನ್ನೂ ವರ್ಗಾವಣೆಯ ಪತ್ರವನ್ನೂ ಪಡೆಯಬೇಕು. ಸಿಲಿಂಡರನ್ನು ಸಾಮಾನುಗಳ ನಡುವೆ ಇಟ್ಟು ಸಾಗಿಸುವುದು ಅಪಾಯಕರ. ಬಾಡಿಗೆ ಮನೆಯ ಮುಂಗಡ ಹಣದಲ್ಲಿ ಸುಣ್ಣಬಣ್ಣಕ್ಕೆ ಎಷ್ಟು ಕಳೆಯುವರೆಂಬುದನ್ನು ಮಾಲೀಕರಿಂದ ಮೊದಲೇ ಬರವಣಿಗೆಯಲ್ಲಿ ತಿಳಿದಿರುವುದು ಕ್ಷೇಮ.

ಕಟ್ಟುವ ಕ್ರಮ

ಪುಸ್ತಕಗಳನ್ನು ಸಣ್ಣ ಪೆಟ್ಟಿಗೆಗಳಲ್ಲಿಯೇ ತುಂಬಬೇಕು. ದೊಡ್ಡದರಲ್ಲಿ ತುಂಬಿದರೆ ಹೊರುವವರ ಬೆನ್ನು ಮುರಿಯುವುದು. ಹಿತ್ತಾಳೆ ಪಾತ್ರೆಗಳನ್ನು ಹಾಸಿಗೆಯ ಬಟ್ಟೆಯಲ್ಲಿ ಸುತ್ತಿದರೆ ಎರಡೂ ಒಂದೇ ಪೆಟ್ಟಿಗೆಯಲ್ಲಿ ಸಾಗುವುವು. ಉಪ್ಪಿನಕಾಯಿಯ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ನೆಟ್ಟಗೆ ನಿಲ್ಲಿಸಬೇಕು. ಫ್ರಿಜ್ಜನ್ನು ಹಿಂದಿನ ದಿನವೇ ಬರಿದು ಮಾಡಿ ನೀರನ್ನು ಇಳಿಸಿ, ನೆಟ್ಟಗೆ ಸಾಗಿಸಿ, ತಲಪಿದ ಮೇಲೆ ಕೆಲವು ಗಂಟೆ ಬಿಟ್ಟು ವಿದ್ಯುತ್ ಕೊಡಬೇಕು. ಪ್ರತಿಯೊಂದು ಪೆಟ್ಟಿಗೆಯ ಮೇಲೆ ಸಂಖ್ಯೆಯನ್ನೂ ಹೊಸ ಮನೆಯ ಕೋಣೆಯ ಹೆಸರನ್ನೂ ಬರೆದು, ಒಳಗಿನ ವಸ್ತುಗಳ ಪಟ್ಟಿಯನ್ನು ಒಂದು ನೋಟುಪುಸ್ತಕದಲ್ಲಿ ಇಡಬೇಕು.

ಕೈಯಲ್ಲಿ ಒಯ್ಯುವ ದೇವರ ಪೆಟ್ಟಿಗೆಯ ಜೊತೆಯಲ್ಲಿ ಪಂಚಪಾತ್ರೆ, ಉದ್ಧರಣೆ, ಸಾಣೆಕಲ್ಲು, ಗಂಧದ ಕೊರಡು, ಗೋಪೀಚಂದನ, ಮುದ್ರೆ, ದೀಪ, ಬತ್ತಿ, ಒಂದು ಜೊತೆ ಮಡಿಬಟ್ಟೆ ಇರಲಿ. ಲಾರಿಗೆ ಕೊನೆಯಲ್ಲಿ ಹೇರಿ ಮೊದಲು ಇಳಿಸುವ ಪೆಟ್ಟಿಗೆಯಲ್ಲಿ ಒಂದು ಹೊತ್ತಿನ ಅಡಿಗೆಗೆ ಬೇಕಾದದ್ದು ಇರಲಿ: ಎರಡು ಪಾತ್ರೆ, ಸೌಟು, ಇಕ್ಕಳ, ಅಕ್ಕಿ, ಬೇಳೆ, ಹುಣಸೆ, ಉಪ್ಪು, ಸಾರಿನಪುಡಿ, ಬೆಂಕಿಪೊಟ್ಟಣ.

ಬಿಟ್ಟುಬರುವ ಮನೆ

ಹೊರಡುವ ದಿನ ವಿದ್ಯುತ್ ಮೀಟರಿನ ಅಂಕವನ್ನು ಬರೆದುಕೊಂಡು, ನೀರು ಮತ್ತು ವಿದ್ಯುತ್ತಿನ ಬಾಕಿಯನ್ನು ತೀರಿಸಿ ರಸೀತಿಯನ್ನು ಪಡೆಯಬೇಕು. ಮನೆಯನ್ನು ಗುಡಿಸಿಯೇ ಬಿಡಬೇಕು. ತುಳಸಿಯನ್ನು ಒಯ್ಯಲಾಗದಿದ್ದರೆ ಅದರ ಬೀಜವನ್ನೂ ಬುಡದ ಹಿಡಿ ಮಣ್ಣನ್ನೂ ತೆಗೆದುಕೊಂಡು, ಗಿಡವನ್ನು ನೀರೆರೆಯುವ ನೆರೆಯವರಿಗೆ ಒಪ್ಪಿಸಬೇಕು. ಹಿರಿಯರಿಗೆ ಈ ದಿನವು ನಮಗಿಂತ ಹೆಚ್ಚು ಭಾರವಾದದ್ದೆಂಬುದನ್ನು ಮರೆಯಬಾರದು. ಅವರಿಗೆ ಹೊಸ ಮನೆಯಲ್ಲಿ ಮೊದಲು ಸಿದ್ಧವಾಗಬೇಕಾದದ್ದು ಅವರು ಕುಳಿತುಕೊಳ್ಳುವ ಸ್ಥಳ, ಮಲಗುವ ಹಾಸಿಗೆ, ರಾತ್ರಿಯಲ್ಲಿ ಬಚ್ಚಲಿಗೆ ಹೋಗುವ ದಾರಿಯ ದೀಪ.

ತಂದೆಯವರು ಈಗ ಇಲ್ಲ. ಅನಂತರ ನಾವು ಇನ್ನೆರಡು ಬಾರಿ ಮನೆಯನ್ನು ಬದಲಿಸಿದ್ದೇವೆ. ಎರಡು ಬಾರಿಯೂ ಸಾಮಾನಿನ ಪಟ್ಟಿಯನ್ನು ಬರೆಯುವ ಮೊದಲು ದೇವರ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬರುವವರು ಯಾರೆಂಬುದನ್ನು ನಿಶ್ಚಯಿಸಿದೆವು. ಹೊಸ ಬೀದಿಗೆ ಯಾರಾದರೂ ಬಂದು ಇಳಿದರೆಂದು ಕೇಳಿದ ದಿನ, ಅವರಿಗೆ ಒಂದು ಹೊತ್ತಿನ ಊಟವನ್ನು ಕಳುಹಿಸುವುದನ್ನೂ ರೂಢಿ ಮಾಡಿಕೊಂಡಿದ್ದೇವೆ. ವಾಚಕರೂ ಇದನ್ನು ಆಚರಿಸಬಹುದು.