ಬಿದ್ದ ಆಟಗಾರನನ್ನು ಮುಟ್ಟಿದರೆ ಕೇಸಾಗುತ್ತದೆಯೇ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕಬಡ್ಡಿ ಪಂದ್ಯವೆಂದರೆ ಊರಿಗೆ ಊರೇ ಅಂಕಣದ ಸುತ್ತ ಸೇರುತ್ತದೆ. ರೈಡರ್ ಒಬ್ಬ ಕೈಯೂರಿ ಬಿದ್ದು ಭುಜದ ಕೀಲು ತಪ್ಪಿತೆನ್ನಿ, ಜನರ ನಡುವಿನಿಂದ "ಎಳೀರಿ ಸಾ, ಕೂತ್ಕತದೆ" ಎಂಬ ಕೂಗು ಬಂದೇ ಬರುತ್ತದೆ. ಕೋಚ್ ಅಥವಾ ಪಿ.ಟಿ. ಮೇಷ್ಟ್ರ ಮನಸ್ಸಿನಲ್ಲಿ ಮಾತ್ರ ಬೇರೆ ಅಳುಕು: ಮುಟ್ಟಿದ್ದಕ್ಕೆ ನನ್ನ ಮೇಲೇ ಕೇಸು ಬಿದ್ದರೆ?

ನೆರವಾದವರನ್ನು ಶಿಕ್ಷಿಸುವುದು ಕಾನೂನಿನ ಉದ್ದೇಶವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ (ಹಳೆಯ ಐಪಿಸಿಯಲ್ಲಿ 92) ಇದನ್ನೇ ಹೇಳುತ್ತದೆ. ಗಾಯಾಳು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲ, ಪೋಷಕರೂ ಸಮಯಕ್ಕೆ ಸಿಗುವುದಿಲ್ಲ ಎಂದಾಗ ಅವನ ಒಳಿತಿಗಾಗಿ ಸದ್ಭಾವನೆಯಿಂದ ಮಾಡಿದ ಕೆಲಸ ಅಪರಾಧವಲ್ಲ. ಕುದುರೆಯಿಂದ ಬಿದ್ದು ಪ್ರಜ್ಞೆ ತಪ್ಪಿದವನಿಗೆ ತುರ್ತು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯನ ಉದಾಹರಣೆ ಆ ಕಲಂನಲ್ಲೇ ಇದೆ. ಆದರೆ ತಕ್ಕ ಎಚ್ಚರಿಕೆ, ಗಮನವಿಲ್ಲದೆ ಮಾಡಿದ್ದನ್ನು ಸದ್ಭಾವನೆಯ ಕೆಲಸವೆಂದು ಸಂಹಿತೆ ಒಪ್ಪುವುದಿಲ್ಲ.

ರಕ್ತ ಸೋರುವ ಕಡೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ, ಐಸ್ ಇಡಿ, ಕೈ ಅಲುಗದಂತೆ ಕಟ್ಟಿ, 108ಕ್ಕೆ ಕರೆ ಮಾಡಿ. ಇದಕ್ಕೆ ಯಾರೂ ಅಂಜಬೇಕಿಲ್ಲ. ಕಲಿಯದೆ ಕೀಲು ಎಳೆಯುವುದು, ಕುತ್ತಿಗೆಗೆ ಪೆಟ್ಟಾದವನನ್ನು ಎತ್ತಿ ಕೂರಿಸುವುದು, ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಬಿಡುವುದು ಬೇಡ. ತಲೆಗೆ ಏಟು ಬಿದ್ದ ಹುಡುಗನನ್ನು ಫೈನಲ್ ಇದೆಯೆಂದು ಮತ್ತೆ ಅಂಕಣಕ್ಕಿಳಿಸುವುದಂತೂ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಇಂಥ ನಿರ್ಲಕ್ಷ್ಯದಿಂದ ತೀವ್ರ ಗಾಯವಾದರೆ 125ನೇ ಕಲಂ ಅಡಿ 3 ವರ್ಷದವರೆಗೆ, ಪ್ರಾಣ ಹೋದರೆ 106ನೇ ಕಲಂ ಅಡಿ 5 ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು.

ಮೋಟಾರು ವಾಹನ ಕಾಯ್ದೆಯ 134ಎ ಕಲಂ ನೆರವಿಗೆ ಬಂದವರನ್ನು ಕಾಪಾಡುತ್ತದೆ ಎಂದು ಹಲವರು ಕೇಳಿರುತ್ತಾರೆ. ಅದು ರಸ್ತೆ ಅಪಘಾತಕ್ಕೆ ಸೀಮಿತ. ಅಲ್ಲದೆ ಕೋಚ್ ದಾರಿಹೋಕನಲ್ಲ. ಮಕ್ಕಳನ್ನು ಅವರ ವಶಕ್ಕೆ ಒಪ್ಪಿಸಲಾಗಿದೆ, ನೋಡಿಕೊಳ್ಳುವ ಹೊಣೆ ಅವರದು. ಹಾಗಾಗಿ ಕೈಕಟ್ಟಿ ನಿಂತರೂ ಅದು ನಿರ್ಲಕ್ಷ್ಯವೆನಿಸಬಹುದು.

ಹೊಣೆ ಕೋಚ್ ಒಬ್ಬರದೇ ಅಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್ ಬಾಕ್ಸಿಂಗ್ ಸ್ಪರ್ಧೆಯಲ್ಲಿ ಪೆಟ್ಟು ತಿಂದ ಮೈಸೂರಿನ ಯುವಕ ಕೆಲವೇ ದಿನಗಳಲ್ಲಿ ತೀರಿಕೊಂಡಾಗ, ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆಯೇ ಇರಲಿಲ್ಲವೆಂದು ಮನೆಯವರು ದೂರಿದರು. ನಿರ್ಲಕ್ಷ್ಯದ ಸಾವಿನ ಪ್ರಕರಣ ದಾಖಲಾದದ್ದು ಸಂಘಟಕರ ಮೇಲೆ.

ಆಸ್ಪತ್ರೆಯ ಬಾಗಿಲಲ್ಲೂ ಹಿಂಜರಿಯಬೇಡಿ. ಸರ್ಕಾರಿಯಿರಲಿ ಖಾಸಗಿಯಿರಲಿ, ವೈದ್ಯರು ಮೊದಲು ಜೀವ ಉಳಿಸಬೇಕು, ಪೊಲೀಸ್ ವಿಧಿವಿಧಾನ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿದೆ. ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ ಮಂಡ್ಯದ ಮಿಮ್ಸ್‌ನಲ್ಲಾಗಲಿ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಎಂದು ಬರೆದುಕೊಂಡ ಮಾತ್ರಕ್ಕೆ ನೀವು ಆರೋಪಿಯಾಗುವುದಿಲ್ಲ. ಪೆಟ್ಟಾದ ಸಮಯ, ಕಂಡದ್ದು, ನೀವು ಮಾಡಿದ್ದು, ಪೋಷಕರಿಗೆ ಫೋನ್ ಮಾಡಿದ ಹೊತ್ತು, ಇಷ್ಟನ್ನು ಅಂದೇ ಬರೆದಿಡಿ. ಮುಂದೆ ತಕರಾರು ಬಂದರೆ ಆ ಪುಟವೇ ನಿಮ್ಮ ಸಾಕ್ಷಿ.

ಅನ್ಯಾಯವಾಗಿದೆ ಎನ್ನುವ ಪೋಷಕರಿಗೆ ಪೊಲೀಸ್ ದೂರಿನ ಜೊತೆ ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳುವ ದಾರಿಯೂ ಇದೆ. ಮಕ್ಕಳ ಪರವಾಗಿ ಉಚಿತ ವಕೀಲರ ನೆರವು ಸಿಗುತ್ತದೆ, ಆದಾಯದ ಮಿತಿ ಅಡ್ಡಬರುವುದಿಲ್ಲ. ಮಂಡ್ಯದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನೋ ನಿಮ್ಮ ತಾಲ್ಲೂಕಿನ ಕಾನೂನು ಸೇವೆಗಳ ಸಮಿತಿಯನ್ನೋ ಕಾಣಿ, ಇಲ್ಲವೇ 15100ಕ್ಕೆ ಕರೆ ಮಾಡಿ.